ಎಡಕ್ಕೆ ಎಸೆದ ಅವಲಕ್ಕಿ

ನಮ್ಮ ಊರಿನಲ್ಲಿ ಯಾರೂ ಏನನ್ನೂ ನೇರವಾಗಿ ಎಸೆಯುವುದಿಲ್ಲ. ಕೆಳಗಿನ ಬೀದಿಯ ನೆಂಟರಿಗೆ ಹಾಕುವುದು ಅವಲಕ್ಕಿಯಾಗಲಿ, ಹುರಿಗಡಲೆಯಾಗಲಿ, ಅವರ ಮನೆ ಎಲ್ಲಿದೆಯೋ ಅದಕ್ಕಿಂತ ಎಡಕ್ಕೆ ಎಸೆಯಬೇಕು. ಇಳಿಯುತ್ತ ಇಳಿಯುತ್ತ ಅದು ತಾನಾಗಿ ಬಲಕ್ಕೆ ಸರಿದು, ಸೇರಬೇಕಾದ ಅಂಗಳವನ್ನು ಸೇರುತ್ತದೆ. ಇದರ ಕಾರಣವನ್ನು ನನಗೆ ಕಾಲೇಜಿನಲ್ಲಿ ಕಲಿಸಿದರು. ಭೂಮಿ ತನ್ನ ಸುತ್ತ ತಿರುಗುತ್ತಿರುವುದರಿಂದ, ಅದರ ಈ ಅರ್ಧದಲ್ಲಿ ದೂರ ಸಾಗುವುದೆಲ್ಲ ಬಲಕ್ಕೆ ಬಾಗುತ್ತದೆ. ಶಾಲೆಯಲ್ಲಿ ನಾನೂ ಮಕ್ಕಳಿಗೆ ಅದನ್ನೇ ಹೇಳಿದೆ, ಅವರು ಬರೆದುಕೊಂಡರು. ಮಾತು ಬರುವ ಮೊದಲೇ ಅಜ್ಜಿಯರ ಸೊಂಟದ ಮೇಲೆ ಕುಳಿತು ಎಡಕ್ಕೆ ಎಸೆದು ಅಭ್ಯಾಸವಾಗಿದ್ದ ಮಕ್ಕಳು ಅವರು.

ಊರು ಗುಡ್ಡದ ಇಳಿಜಾರಿನಲ್ಲಿ ನಾಲ್ಕು ಬೀದಿಗಳಾಗಿ ಒಂದರ ಕೆಳಗೊಂದು ಇಳಿದಿದೆ. ನಡುವೆ ಕಲ್ಲಿನ ಮೆಟ್ಟಿಲು. ಕಡಲಿನ ನೀರೊಂದು ಇಲ್ಲ, ಕಡಲಿನ ಉಳಿದದ್ದೆಲ್ಲ ಇದೆ. ಮೇಲ್ಬೀದಿಯಲ್ಲಿ ಬಿಸಿಲು ಬೀಳುತ್ತದೆ, ಸೀರೆಗಳು ಒಣಗುತ್ತವೆ. ಅಲ್ಲಿಂದ ಎರಡನೆಯ ಬೀದಿ ದಾಟಿ ಇಳಿಯತೊಡಗಿದರೆ ಮೊದಲು ಕೆಂಪು ಹೋಗುತ್ತದೆ. ಹಣೆಯ ಕುಂಕುಮ, ಮುಡಿದ ದಾಸವಾಳ ಎರಡೂ ಕಪ್ಪಾಗುತ್ತವೆ. ಆಮೇಲೆ ಹಳದಿಯ ಸರದಿ. ನಡುಬೀದಿಯಲ್ಲಿ ನೀಲಿಯೊಂದು ಉಳಿದು, ನಡುಮಧ್ಯಾಹ್ನವೂ ಮುಸ್ಸಂಜೆಯ ಹಾಗಿರುತ್ತದೆ. ತಳಬೀದಿಯಲ್ಲಿ ಅದೂ ಇಲ್ಲ. ಬೆಳಕು ಕಳೆದಷ್ಟೂ ಚಳಿ ಹೆಚ್ಚುತ್ತದೆ, ಮೈಮೇಲೆ ಭಾರ ಕೂರುತ್ತದೆ. ಇಳಿಯುವುದು ಸುಲಭ, ಕಿವಿ ಸ್ವಲ್ಪ ನೋಯುತ್ತದೆ ಅಷ್ಟೆ. ಹತ್ತುವವರು ಮಾತ್ರ ಬೀದಿ ಬೀದಿಯ ನಡುವಿನ ಕಟ್ಟೆಯಲ್ಲಿ ತಂಗಿ, ಕಿವಿಯೊಳಗಿನ ಗುಂಯ್‌ಗುಡುವಿಕೆ ನಿಂತ ಮೇಲೆಯೇ ಏಳಬೇಕು. ಆತುರಪಟ್ಟವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ನನ್ನ ತಂಗಿ ಯಮುನಾ ಇದ್ದದ್ದು ತಳಬೀದಿಯಲ್ಲಿ. ಅವಳ ಗಂಡ ಶೀನ ಅಲ್ಲಿ ಕರಿಗಡ್ಡೆ ಹೆಕ್ಕುವ ಕೆಲಸ ಹಿಡಿದಿದ್ದ. ಅವು ಲೋಹದ ಉಂಡೆಗಳು, ಬಟಾಟೆಯಷ್ಟು ದಪ್ಪ, ಕಬ್ಬಿಣದಂಥ ಭಾರ. ನೆಲದ ಮೇಲೆ ಸುಮ್ಮನೆ ಬಿದ್ದಿರುತ್ತವೆ. ಹೆಸರುಕಾಳಿನಷ್ಟು ದಪ್ಪವಾಗಲು ಅವಕ್ಕೆ ಎಷ್ಟೋ ತಲೆಮಾರು ಬೇಕು ಎನ್ನುತ್ತಾರೆ. ಮಗಳು ಸುಗುಣಾಳಿಗೆ ಏಳು ತುಂಬುವ ಮೊದಲೇ ಶೀನ ಬಲಕ್ಕೆ ಹೋದ. ನಮ್ಮಲ್ಲಿ ಸತ್ತವರನ್ನು ಹಾಗೆ ಹೇಳುವುದು. ತಳಬೀದಿಯಲ್ಲಿ ಸದಾ ಒಂದು ತಣ್ಣನೆಯ ಸೆಳೆತ ಬಲಕ್ಕೆ ಹರಿಯುತ್ತಿರುತ್ತದೆ. ಅಲ್ಲಿಯವರು ನಿಲ್ಲುವುದೂ ನಡೆಯುವುದೂ ಎಡಕ್ಕೆ ವಾಲಿಕೊಂಡೇ. ಕಾಲಿನಲ್ಲಿ ಕಸುವು ತಗ್ಗಿದವರು ದಿನಕ್ಕಿಷ್ಟು ಬಲಕ್ಕೆ ಸರಿಯುತ್ತಾರೆ, ನೆರೆಯವರು ಮೊದಮೊದಲು ಎಳೆದು ತಂದು ಕೂರಿಸುತ್ತಾರೆ, ಆಮೇಲೆ ಬಿಡುತ್ತಾರೆ. ಬೀದಿಯ ಬಲತುದಿಯ ಆಚೆಗೆ ಮನೆಗಳಿಲ್ಲ.

ಗಡ್ಡೆಯ ಮೂಟೆ ಕೈಯಿಂದ ಕೈಗೆ ದಾಟಿ ಮೇಲೆ ಬರುವಾಗ ಸುದ್ದಿಯೂ ಹಾಗೆಯೇ ಬರುತ್ತದೆ. ಒಂದು ಬೆಳಿಗ್ಗೆ ಮೂಟೆಯವನು ಮೇಲ್ಬೀದಿಯ ನನ್ನ ಜಗಲಿಯ ಮೇಲೆ ಕುಳಿತು ನೀರು ಕುಡಿದು ಹೇಳಿದ, "ಯಮುನಕ್ಕ ಹೇಳಿ ಕಳಿಸಿದ್ದಾರೆ ಟೀಚರೇ. ಮಗಳ ಕಣ್ಣಿಗೆ ಪೊರೆ ಬರ್ಲಿಕ್ಕೆ ಶುರುವಾಯ್ತಂತೆ. ನೀವು ಬರ್ಬೇಕಂತೆ."

ತಳಬೀದಿಯಲ್ಲಿ ಹುಟ್ಟಿದ ಮಕ್ಕಳ ಕಣ್ಣಿಗೆ ಎರಡೇ ದಾರಿ. ಒಂದೋ ಅವು ಇದ್ದಬದ್ದ ಹೊಳಪನ್ನೆಲ್ಲ ಹಿಡಿಯಲು ದೊಡ್ಡದಾಗುತ್ತ ಹೋಗುತ್ತವೆ, ಇಲ್ಲವೇ ಹಲ್ಲು ಬಿದ್ದು ಹುಟ್ಟುವ ವಯಸ್ಸಿಗೆ ಮೇಲೆ ತೆಳುವಾದ ಚರ್ಮ ಬೆಳೆದು ಮುಚ್ಚಿಹೋಗುತ್ತವೆ. ಮುಚ್ಚಿದವರೂ ಅಲ್ಲಿ ಚೆನ್ನಾಗಿಯೇ ಬದುಕುತ್ತಾರೆ. ಸುಗುಣಾಳ ಕಣ್ಣು ಮೊದಲು ದೊಡ್ಡದಾಗಿ ಬೆಳೆದಿದ್ದರಿಂದ ಯಮುನಾ ಧೈರ್ಯದಲ್ಲಿದ್ದಳು. ಈಗ ಬೆಳೆದ ಕಣ್ಣಿನ ಮೇಲೆಯೇ ಪೊರೆ ಕಟ್ಟುತ್ತಿತ್ತು. ಬೆಳಕು ತಗುಲಿದರೆ ಪೊರೆ ನಿಲ್ಲುತ್ತದೆ.

ನಾನು ಒಂಟಿ ಹೆಂಗಸು. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಮೂಲೆಯವರೆಗೆ ಹೋಗಿ ಹಿಂದಿರುಗಿ ಮತ್ತೊಮ್ಮೆ ಎಳೆದು ನೋಡಿ ಹೊರಟೆ. ಚೀಲದಲ್ಲಿ ಸುಗುಣಾಳಿಗೆಂದು ಒಂದು ಬಿಳಿ ಫ್ರಾಕು, ಬಿಸ್ಕತ್ತಿನ ಪೊಟ್ಟಣ, ಯಮುನಾಳಿಗೆ ಅವಲಕ್ಕಿ ಇದ್ದವು.

ತಳಬೀದಿಯಲ್ಲಿ ದೀಪ ಹಚ್ಚುವುದು ಮರ್ಯಾದೆಯಲ್ಲ. ಅಲ್ಲಿಯವರಿಗೆ ಮಣಿಕಟ್ಟಿನ ಒಳಗೆ ನೀಲಿಯ ಒಂದು ಮಿಣುಕು ಇರುತ್ತದೆ. ಮಾತಿಗೆ ಮೊದಲು ಅದನ್ನು ಒಮ್ಮೆ ಮಿನುಗಿಸಿ ತಾವು ಇರುವುದನ್ನು ತಿಳಿಸುತ್ತಾರೆ. ಆಮೇಲೆ ಮುಖ ತಡವುತ್ತಾರೆ. ಹೇಗಿದ್ದೀಯ ಎಂದು ಕೇಳುವ ಪದ್ಧತಿ ಇಲ್ಲ. ಯಮುನಾಳ ಮೆತ್ತನೆಯ, ತಣ್ಣಗಿನ ಬೆರಳುಗಳು ನನ್ನ ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ಇಳಿದವು.

"ನಿದ್ದೆ ಮಾಡುದಿಲ್ಲ ನೀನು," ಎಂದಳು.

"ಮಾಡ್ತೇನೆ."

"ಸುಳ್ಳು. ಕಣ್ಣಿನ ಕೆಳಗೆ ಗುಂಡಿ ಉಂಟು. ಬರುವಾಗ ಬೀಗ ಎಷ್ಟು ಸಲ ಎಳೆದು ನೋಡಿದೆ?"

"ಒಂದೇ ಸಲ."

ಕತ್ತಲೆಯಲ್ಲಿ ಅವಳು ನಕ್ಕದ್ದು ಕೇಳಿಸಿತು. ನಾನೂ ಅವಳ ಮುಖ ತಡವಿದೆ. ಕೆನ್ನೆ ನೆನೆಸಿದ ಅವಲಕ್ಕಿಯ ಹಾಗಿತ್ತು, ಬಾಯಿ ಮೊದಲಿಗಿಂತ ಅಗಲವಾಗಿತ್ತು. ಮೇಲಿನಿಂದ ಏನು ಯಾವಾಗ ಬೀಳುತ್ತದೆಂದು ಗೊತ್ತಿರದ ಕಡೆ, ಬಿದ್ದದ್ದನ್ನು ಬಿದ್ದಷ್ಟೂ ತಿನ್ನಬೇಕು, ಬಾಯಿಯೂ ಹೊಟ್ಟೆಯೂ ಹಾಗೇ ಹಿಗ್ಗುತ್ತವೆ. ಮೂಳೆ ಮೆತ್ತಗಾಗುತ್ತದೆ. ಭಾರ ಸುತ್ತಲಿನಿಂದಲೂ ಒತ್ತುವುದರಿಂದ ಅಲ್ಲಿ ಮೂಳೆ ಗಟ್ಟಿ ಇರಬೇಕಾಗಿಲ್ಲ. ಅಂಥ ಮೂಳೆಯಲ್ಲಿ ಮೆಟ್ಟಿಲು ಹತ್ತಲು ಬರುವುದಿಲ್ಲ.

"ನೀನೂ ಬಾ," ಎಂದೆ, ಉತ್ತರ ಗೊತ್ತಿದ್ದೂ.

"ಎಲ್ಲಿಗೆ ಬರುದು ಮಾರಾಯ್ತಿ. ಮೊದಲ ಕಟ್ಟೆಗೆ ಹೋಗುವಾಗ ನಾನು ಜೆಲ್ಲಿ ಆಗ್ತೇನೆ. ಅವಳು ಎಳೆಯ ಜೀವ, ಅವಳಿಗೆ ಆಗ್ತದೆ. ನಿನ್ನ ಶಾಲೆಯಲ್ಲಿ ಕೂರಿಸು. ಬಿಸಿಲು ಅಂದ್ರೆ ಎಂತದು ಅಂತ ನೋಡ್ಲಿ." ನನ್ನ ಕೈ ಹಿಡಿದು ಹೇಳಿದಳು, "ಅಕ್ಕ, ಕಟ್ಟೆ ಕಟ್ಟೆಯಲ್ಲೂ ಅವಳ ಮುಖ ತಡವು. ಕಣ್ಣಲ್ಲಿ ನೋಡಿ ಸುಮ್ಮನಾಗ್ಬೇಡ. ನೀವು ಮೇಲಿನವರು ನೋಡಿದ್ರೆ ಆಯ್ತು ಅಂತ ತಿಳ್ಕೊಳ್ತೀರಿ."

ಹೊರಡುವಾಗ ಅವಳು ಮೆಟ್ಟಿಲ ಬುಡದವರೆಗೆ ಬಂದು ಕುಳಿತಳು. ಸುಗುಣ ಪ್ರತಿ ತಿರುವಿನಲ್ಲೂ ನಿಂತು ಕೆಳಗೆ ಮಣಿಕಟ್ಟು ಮಿನುಗಿಸಿದಳು. ಕೆಳಗಿನಿಂದ ಎರಡು ಸಲ ಮಿಣುಕು ಬರುತ್ತಿತ್ತು. ಎರಡು ಸಲ ಎಂದರೆ ತಲುಪಿತು ಎಂದು. ಮೂರನೆಯ ತಿರುವಿನ ನಂತರ ನನಗೆ ಏನೂ ಕಾಣಲಿಲ್ಲ. ಸುಗುಣ ಮಾತ್ರ ಬಹಳ ಹೊತ್ತು "ಕಾಣ್ತದೆ, ಈಗ್ಲೂ ಕಾಣ್ತದೆ" ಎನ್ನುತ್ತಲೇ ಇದ್ದಳು.

ಮೊದಲ ಕಟ್ಟೆಯಲ್ಲಿ ಕತ್ತಲೆ ಇದ್ದುದರಿಂದ ಯಮುನಾ ಹೇಳಿದಂತೆಯೇ ಮಾಡಿದೆ. ಎದ್ದಾಗ, ಮಲಗುವಾಗ, ನಡುನಡುವೆಯೂ ಮುಖ ತಡವಿದೆ. ಅವಳು ಎಡೆಬಿಡದೆ ಮಾತಾಡಿದಳು. ಅವಳ ಬದುಕಿನ ದೊಡ್ಡ ಕಥೆ ಎಂದರೆ ಪಾಯಸ ಬಿದ್ದ ದಿನ. ಮೇಲ್ಬೀದಿಯ ಯಾವುದೋ ಮದುವೆಯಲ್ಲಿ ಕೊಪ್ಪರಿಗೆ ಮಗುಚಿ, ಅನ್ನ ಪಾಯಸವೆಲ್ಲ ಅಂಚಿನಿಂದ ಜಾರಿ ತಳಬೀದಿಗೆ ಬಂದಿತ್ತು.

"ಎಲ್ರೂ ಬಂದ್ರು ದೊಡ್ಡಮ್ಮ. ಹೆಸ್ರೇ ಗೊತ್ತಿಲ್ಲದವ್ರೂ ಬಂದ್ರು. ದ್ರಾಕ್ಷಿ ಹೆಕ್ಕಿ ಹೆಕ್ಕಿ ಎಷ್ಟೋ ದಿನ ತಿಂದದ್ದು. ಕೊಪ್ಪರಿಗೆಯ ಒಳಗೆ ಈಗ ಒಂದು ಸಂಸಾರ ಉಂಟು, ಗೊತ್ತುಂಟಾ?"

"ಕೊಪ್ಪರಿಗೆ ಒಳಗಾ?"

"ಹ್ಞೂಂ. ಬಾಗಿಲು ಇಲ್ಲ, ಆದ್ರೂ ಬೆಚ್ಚಗೆ ಉಂಟು."

ಚೀಲದೊಳಗಿನ ಬಿಸ್ಕತ್ತಿನ ಪೊಟ್ಟಣ ಹೊರತೆಗೆದಾಗ ಅದು ಬಸುರಿಯ ಹಾಗೆ ಉಬ್ಬಿತ್ತು. ತಳದಲ್ಲಿ ಎರಡು ಬಿಸ್ಕತ್ತು ತಿಂದು ಮತ್ತೆ ಬಾಯಿ ಬಿಗಿಯಾಗಿ ಅಂಟಿಸಿದಾಗ ಅದು ಚಪ್ಪಟೆಯಾಗಿದ್ದುದನ್ನು ಕೈಯಲ್ಲಿ ಹಿಡಿದು ನೋಡಿದ್ದ ಸುಗುಣಾಳಿಗೆ ಇದು ದೊಡ್ಡ ತಮಾಷೆಯಾಯಿತು. ಒಡೆಯಬೇಡಿ, ಇನ್ನೂ ಎಷ್ಟು ಉಬ್ಬುತ್ತದೆ ನೋಡುವ ಎಂದಳು. ಮೇಲೆ ಹೋದಂತೆ ಸುತ್ತಲಿನ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ ಎಂದು ನಾನು ವಿವರಿಸಿದೆ. ಅವಳು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡದ್ದು ಮಣಿಕಟ್ಟಿನ ಮಿಣುಕಿನಲ್ಲಿ ಕಂಡಿತು. ಆಗ ನಾನು ಆ ಕೈಯನ್ನು ನೋಡಿಯೂ ಮುಂದಿನ ಮಾತಿಗೆ ಹೋದೆ.

ನಡುಬೀದಿಯ ಮೆಟ್ಟಿಲ ಬಾಯಲ್ಲಿ ಐತಪ್ಪನ ಹೋಟೆಲು ಇದೆ. ಎರಡು ಬೆಂಚು, ಒಂದು ಸ್ಟವ್ವು. ಮೇಲಿನಿಂದ ಬರುವವರಿಗೂ ಕೆಳಗಿನಿಂದ ಬರುವವರಿಗೂ ಅವನು ಒಂದೇ ಬೆಲ್ಲದ ಕಾಫಿ ಕೊಟ್ಟು ಒಂದೇ ರೀತಿ ಚುಚ್ಚುತ್ತಾನೆ. ಸುಗುಣ ಅಲ್ಲಿ ಮೊದಲ ಬಾರಿಗೆ ಹಗಲಿನ ನೀಲಿ ಬೆಳಕನ್ನು ಕಂಡು, ಬಾಗಿಲಲ್ಲೇ ನಿಂತುಬಿಟ್ಟಳು. ಎದುರಿನ ಗೋಡೆಯನ್ನು, ಬೆಂಚಿನ ಕಾಲನ್ನು, ನನ್ನ ಮುಖವನ್ನು ನೋಡಿದಳು. ಆಮೇಲೆ ತನ್ನ ಮಣಿಕಟ್ಟನ್ನು ನೋಡಿ ಹೆದರಿದಳು.

"ದೊಡ್ಡಮ್ಮ, ನನ್ನದು ಕಡಿಮೆ ಆಯ್ತು."

"ಕಡಿಮೆ ಆಗ್ಲಿಲ್ಲ. ಇಲ್ಲಿ ಬೆಳಕು ಉಂಟಲ್ಲ, ಅದಕ್ಕೆ ಹಾಗೆ ಕಾಣ್ತದೆ."

"ಮೇಲೆ ಹೋದ್ರೆ?"

"ಮೇಲೆ ಹೋದ್ರೆ ಕಾಣುದಿಲ್ಲ."

ಐತಪ್ಪ ಲೋಟ ತೊಳೆಯುತ್ತಿದ್ದವನು ತಿರುಗಿ, "ಮೇಲಿನವರಿಗೆ ಲೈಟು ಯಾಕೆ ಮಗಾ? ಅವರು ಬಿಲ್ಲು ಕಟ್ಟಿ ಸೂರ್ಯ ಹಾಕಿಸಿಕೊಂಡಿದ್ದಾರೆ," ಎಂದ. ಸುಗುಣ ನಗಲಿಲ್ಲ. ಅವಳಿಗೆ ಸೂರ್ಯ ಗೊತ್ತಿರಲಿಲ್ಲ.

ಹೋಟೆಲಿನ ಮೇಲುಗಡೆಯ ಕಟ್ಟೆಯಲ್ಲಿ ತಂಗಿ, ಅವಳಿಗೆ ಬಿಳಿ ಫ್ರಾಕು ತೊಡಿಸಿದೆ. ಆ ಬೆಳಕಿನಲ್ಲಿ ಅದು ತಿಳಿನೀಲಿಯಾಗಿ ಕಾಣುತ್ತಿತ್ತು. ದಿನಕ್ಕೆರಡು ಸಲ ಐತಪ್ಪನಿಂದ ಕಾಫಿ ತಂದು ಕುಡಿಸುತ್ತಿದ್ದೆ. ಅವಳನ್ನು ನೋಡುತ್ತಲೂ ಇದ್ದೆ. ನೋಡುವುದು ನನ್ನ ಸ್ವಭಾವ. ತರಗತಿಯಲ್ಲಿ ಯಾವ ಮಗುವಿಗೆ ಜ್ವರ ಬರಲಿದೆ ಎಂದು ಹಿಂದಿನ ದಿನವೇ ಹೇಳಬಲ್ಲೆ. ಅವಳ ಮುಖ ಕಣ್ಣೆದುರಿಗೇ ಇತ್ತು, ಕಣ್ಣಿನ ಪೊರೆ ಅಂಚಿನಿಂದ ತೆಳುವಾಗುತ್ತಿರುವುದು ಕೂಡ ಕಾಣುತ್ತಿತ್ತು. ಇಷ್ಟು ಕಾಣುವಾಗ ತಡವುವುದು ಮರೆತುಹೋಯಿತು. ಫ್ರಾಕಿನ ಎದೆಯ ಮೇಲೆ ಕಪ್ಪು ಕಲೆ ಬಿದ್ದದ್ದನ್ನೂ ಕಂಡೆ.

"ಕಾಫಿ ಚೆಲ್ಲಿಕೊಂಡ್ಯಾ?"

ಅವಳು ಹ್ಞೂಂ ಎಂದಳು. ಮರುದಿನ ತೋಳಿನ ಮೇಲೂ ಕಲೆ ಇತ್ತು. ಬಾಯಿ ತೋಳಿಗೆ ಒರೆಸಬಾರದು, ಶಾಲೆಯಲ್ಲಿ ಮಕ್ಕಳು ನಗುತ್ತಾರೆ ಎಂದೆ. ಅವಳು ತೋಳನ್ನು ಬೆನ್ನ ಹಿಂದೆ ಮರೆಮಾಡಿದಳು.

ಕಿವಿಯ ಸದ್ದು ನಿಂತಿತೇ ಎಂದು ಕೇಳಿದಾಗ ನಿಂತಿತು ಎಂದಳು. ಎರಡನೆಯ ಬೀದಿಯ ಕಡೆಗೆ ಹತ್ತತೊಡಗಿದೆವು. ಅರ್ಧ ದಾರಿಯಲ್ಲಿ ಚೀಲದೊಳಗೆ ಬಿಸ್ಕತ್ತಿನ ಪೊಟ್ಟಣ ಟಪ್ಪೆಂದು ಒಡೆಯಿತು. ಸುಗುಣ ನಗಲೆಂದು ಬಾಯಿ ತೆರೆದಳು, ಕೆಮ್ಮಿದಳು. ಅಲ್ಲಿಂದ ಮೇಲೆ ಮೆಟ್ಟಿಲ ಬದಿಯ ಗಿಡಗಳಲ್ಲಿ ಹಳದಿ ಕಾಣಿಸಿಕೊಂಡಿತು. ಅವಳು ಒಂದು ಹೂವನ್ನು ಮುಟ್ಟದೆ ಬಹಳ ಹೊತ್ತು ನೋಡಿದಳು. ಇನ್ನಷ್ಟು ಮೆಟ್ಟಿಲು ಹತ್ತಿದೆವು. ಅವಳು ನನ್ನ ಮುಂದೆ ಹೋಗುತ್ತಿದ್ದಳು, ಉಸಿರಿಗೆ ನಿಂತು ನನ್ನತ್ತ ತಿರುಗಿದಳು.

ಫ್ರಾಕಿನ ಎದೆ ಕೆಂಪಾಗಿತ್ತು. ನನ್ನ ಗಮನಕ್ಕೆ ಬಾರದೆಯೇ, ಹತ್ತಿದ ಒಂದೊಂದು ಮೆಟ್ಟಿಲ ಬೆಳಕಿನಲ್ಲೂ ಕಪ್ಪು ಕಲೆ ಮೊದಲು ಕಂದಾಗಿ, ಆಮೇಲೆ ಕೆಂಪಾಗಿ ತಿರುಗಿತ್ತು. ಎದೆ, ಎರಡೂ ತೋಳು, ಕಿವಿಯಿಂದ ಇಳಿದು ಕೊರಳಪಟ್ಟಿಗೆ ಸೇರಿದ ಎರಡು ಗೆರೆ. ಆ ಬಟ್ಟೆಯಲ್ಲಿ ಕಾಫಿಯ ಕಲೆ ಒಂದೂ ಇರಲಿಲ್ಲ.

ಅವಳು ಬಗ್ಗಿ ತನ್ನನ್ನು ತಾನು ನೋಡಿಕೊಂಡಳು. "ಇದು ಎಂತ ಬಣ್ಣ ದೊಡ್ಡಮ್ಮ?"

ಎರಡು ಮೆಟ್ಟಿಲು ಹತ್ತಿ ಅವಳ ಬಳಿಗೆ ಹೋದೆ. ಮುಖ ತಡವಿದೆ. ಮೂಗಿನ ಕೆಳಗೆ, ಕಿವಿಯ ಹಿಂದೆ ಅಂಟು ಅಂಟಾಗಿತ್ತು. ಕೆನ್ನೆಯ ಚರ್ಮ ಬಿಗಿದು, ಒಳಗಿನಿಂದ ಯಾರೋ ಊದುತ್ತಿರುವ ಹಾಗಿತ್ತು. ಮೊದಲ ದಿನವೇ ಒಮ್ಮೆ ಕೈ ಇಟ್ಟಿದ್ದರೆ ಸಾಕಿತ್ತು.

"ಯಾಕೆ ಹೇಳ್ಲಿಲ್ಲ ಮಗಾ?"

"ಅಮ್ಮ ಹೇಳಿದ್ಳು. ಕಿರಿಕಿರಿ ಮಾಡಿದ್ರೆ ದೊಡ್ಡಮ್ಮ ಹೆದರ್ತಾಳೆ, ವಾಪಸ್ಸು ಕರ್ಕೊಂಡು ಬರ್ತಾಳೆ ಅಂತ." ಮತ್ತೆ ಕೆಮ್ಮಿ, ತೋಳಿಗೆ ಒರೆಸಿಕೊಂಡಳು. "ಚಂದ ಉಂಟು ಬಣ್ಣ."

ಅವಳನ್ನು ಎತ್ತಿಕೊಂಡು ಇಳಿದೆ. ಐತಪ್ಪ ನಮ್ಮನ್ನು ಕಂಡು ಸ್ಟವ್ವು ಆರಿಸಿ ಆಸ್ಪತ್ರೆಯವರೆಗೆ ಜೊತೆಗೆ ಓಡಿದ. ನಡುಬೀದಿಯ ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡು ಸುಗುಣಾಳ ಎದೆ, ಬೆನ್ನು, ಮುಖವನ್ನು ಬೆರಳಲ್ಲೇ ನೋಡಿದರು. ರಕ್ತ ನಿಂತ ಮೇಲೆ ನನ್ನನ್ನು ಹೊರಗೆ ಕರೆದರು.

"ಮೇಲೆ ಕರ್ಕೊಂಡು ಹೋದ್ರೆ ಶ್ವಾಸಕೋಶ ಉಳಿಯುದಿಲ್ಲ. ತಳದ ಒತ್ತಡಕ್ಕೆ ಹುಟ್ಟಿದ ಮೈ ಅದು. ಕೆಳಗೆ ಹೋದ್ರೆ ಕಣ್ಣು ಮುಚ್ತದೆ, ಅದು ನಿಮಗೆ ಗೊತ್ತುಂಟು. ಇಲ್ಲಿ ಎರಡೂ ಅರ್ಧರ್ಧ ಉಳಿಯಬಹುದು."

"ಎಷ್ಟು ಸಮಯ ಇಲ್ಲಿ ಇರ್ಬೇಕು?"

ಅವರು ನನ್ನನ್ನೇ ನೋಡಿದರು. "ಟೀಚರ್ ಅಲ್ಲವಾ ನೀವು?" ಎಂದರು, ಮೆಲ್ಲಗೆ.

ಐತಪ್ಪ ತನ್ನ ಹೋಟೆಲಿನ ಹಿಂದಿನ ಕೋಣೆ ಬಿಟ್ಟುಕೊಟ್ಟ. ಮೇಲ್ಬೀದಿಯ ಶಾಲೆಗೆ ಬರುವುದಿಲ್ಲವೆಂದು ಹೇಳಿ ಕಳಿಸಿದೆ. ಇಲ್ಲಿಯ ನಾಲ್ಕಾರು ಮಕ್ಕಳಿಗೆ ಬೆಂಚಿನ ಮೇಲೆ ಅಕ್ಷರ ಹೇಳಿಕೊಡುತ್ತೇನೆ. ಸುಗುಣ ಅವರ ನಡುವೆ ಕುಳಿತು ಓದು ಕಲಿತಳು. ಸುದ್ದಿಯನ್ನು ತಳಬೀದಿಗೆ ಮೂಟೆಯವರ ಬಾಯಿಯಲ್ಲಿ ಇಳಿಸಿದೆ, ಯಮುನಾಳಿಂದ ಉತ್ತರ ಬರಲು ಬಹಳ ಕಾಲ ಹಿಡಿಯಿತು. "ಕಣ್ಣು ಉಂಟಲ್ಲ. ಸಾಕು ಅಂತ ಹೇಳಿ," ಎಂದು ಹೇಳಿ ಕಳಿಸಿದ್ದಳಂತೆ. ಬೇರೇನೂ ಹೇಳಲಿಲ್ಲವೇ ಎಂದು ಕೇಳಿದೆ. "ಮುಖ ತಡವಿದಳಾ ಅಂತ ಕೇಳಿದ್ರು," ಎಂದ ಮೂಟೆಯವನು. "ನಾನು ಹೌದು ಅಂದೆ. ನನಗೆಂತ ಗೊತ್ತು."

ಒಮ್ಮೆ ನನ್ನ ಮನೆಯ ಬೀಗದ ಯೋಚನೆ ಬಿಡದೆ, ಸುಗುಣಾಳನ್ನು ಐತಪ್ಪನ ಬಳಿ ಬಿಟ್ಟು ಹತ್ತಿ ಹೊರಟೆ. ಹಳದಿ ಹೂವಿನ ಗಿಡಗಳವರೆಗೂ ಹೋಗಲಾಗಲಿಲ್ಲ. ಬೆಳಕು ಸೂಜಿಯ ಹಾಗೆ ಕಣ್ಣಿಗೆ ಚುಚ್ಚಿ, ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಕನ್ನಡಿಯಲ್ಲಿ ನನ್ನ ಕಣ್ಣು ದೊಡ್ಡದಾಗಿರುವುದನ್ನು ಆಮೇಲೆ ಗಮನಿಸಿದೆ. ಬೀಗ ಹಾಕಿಯೇ ಇರಬೇಕು.

ಪ್ರತಿದಿನ ಐತಪ್ಪನ ಬೆಳಗಿನ ಗಿರಾಕಿಗಳು ಎದ್ದುಹೋದ ಮೇಲೆ ನಾವಿಬ್ಬರೂ ಬೀದಿಯ ಅಂಚಿಗೆ ಹೋಗಿ ಯಮುನಾಳಿಗೆ ಅವಲಕ್ಕಿ ಎಸೆಯುತ್ತೇವೆ. ಬೆಳ್ಳಗೆ, ಪುಡಿಪುಡಿಯಾಗಿ, ಯಾವ ಆತುರವೂ ಇಲ್ಲದೆ ಅದು ಕತ್ತಲೆಯೊಳಗೆ ಇಳಿದುಹೋಗುತ್ತದೆ. ಇವತ್ತು ಎಸೆದದ್ದು ತಲುಪುವುದು ಎಂದೋ. ಮಿಣುಕು ನನಗೆ ಕಾಣುವುದಿಲ್ಲ, ಸುಗುಣಾಳಿಗೆ ಕಾಣುತ್ತದೆ. ಪೊರೆ ಪೂರ್ತಿ ಹೋಗದಿದ್ದರೂ ಅಷ್ಟು ದೂರದ ನೀಲಿಯನ್ನು ಹಿಡಿಯುವ ಕಣ್ಣು ಅವಳದು.

"ಮಿನುಗಿಸಿದ್ಳಾ?" ಎನ್ನುತ್ತೇನೆ.

"ಎರಡು ಸಲ," ಎನ್ನುತ್ತಾಳೆ.

"ಅಲ್ಲೇ ಇದ್ದಾಳಾ?"

"ಅಲ್ಲೇ. ಮತ್ತೆ ಎಲ್ಲಿ ಹೋಗ್ತಾಳೆ?"

ಮೊದಲ ದಿನಗಳಲ್ಲಿ ನಾವಿಬ್ಬರೂ ಅಂಚಿನ ಗೂಟಕ್ಕೆ ಬೆನ್ನು ತಾಗಿಸಿ, ಎಡಗಡೆಯ ಒಡಕು ಬಂಡೆಯ ನೇರಕ್ಕೆ ಎಸೆಯುತ್ತಿದ್ದೆವು. ಯಮುನಾಳ ಮನೆಗೆ ಅದೇ ಗುರಿ. ಈಚೆಗೆ ಸುಗುಣಾಳ ಕೈ ಬಂಡೆಯ ಬಲಮಗ್ಗುಲಿಗೆ ಹೋಗತೊಡಗಿತು. ಮಗು, ಕೈ ಸೋತಿರಬೇಕು ಎಂದುಕೊಂಡೆ. ಮರುವಾರ ಬಂಡೆಯನ್ನು ಬಿಟ್ಟು ಅದರ ಪಕ್ಕದ ಕುರುಚಲಿನ ಮೇಲೆ ಎಸೆದಳು. ನಾನು ಕೇಳಿದರೆ "ಅಲ್ಲೇ ಇದ್ದಾಳೆ" ಎಂಬ ಮಾತು ಮೊದಲಿಗಿಂತ ಬೇಗ ಬರುತ್ತಿತ್ತು. ನಾನು ಕೇಳುವುದನ್ನು ನಿಲ್ಲಿಸಿ ಕೈಯನ್ನು ನೋಡತೊಡಗಿದೆ. ತಳಬೀದಿಯಲ್ಲಿ ಕಾಲಿನ ಕಸುವು ತಗ್ಗಿದವರು ಸರಿಯುವ ಹಾಗೆ, ಅದು ದಿನದಿನಕ್ಕೆ ಕೂದಲೆಳೆಯಷ್ಟು ಬಲಕ್ಕೆ ತಿರುಗುತ್ತಿತ್ತು. ರಾತ್ರಿ ಅವಳು ಮಲಗಿದ ಮೇಲೆ ಮುಖ ತಡವುತ್ತಿದ್ದೆ. ಹಣೆ, ರೆಪ್ಪೆ, ಮೂಗಿನ ಕೆಳಗೆ. ಎಲ್ಲ ಒಣಗಿಯೇ ಇರುತ್ತಿತ್ತು. ಅವಳು ಎಚ್ಚರವಾಗಿದ್ದಾಳೆಂದು ಬೆರಳಿಗೆ ತಿಳಿಯುತ್ತಿತ್ತು.

ಈ ಬೆಳಿಗ್ಗೆ ಅವಳು ಗೂಟದ ಬಳಿ ನಿಂತು ಬಹಳ ಹೊತ್ತು ಕೆಳಗೆ ನೋಡಿದಳು. ಆಮೇಲೆ ಬೊಗಸೆ ತುಂಬ ಅವಲಕ್ಕಿ ತೆಗೆದುಕೊಂಡು, ಎಡಕ್ಕೆ ತಿರುಗದೆ, ಎದುರಿಗೆ ಎಸೆದಳು. ಐತಪ್ಪ ಹೋಟೆಲಿನ ಬಾಗಿಲಿನಿಂದ, "ಏ ಹುಡುಗಿ, ಮೇಲಿನ ಗಾಳಿ ತಾಗಿ ಎಸೆಯುದೂ ಮರ್ತುಹೋಯ್ತಾ?" ಎಂದು ಕೂಗಿದ. ಅವಳು ತಿರುಗಿ ನೋಡಲಿಲ್ಲ.

ನಾನು ನನ್ನ ಪಾಲಿನದನ್ನು ಮುಷ್ಟಿಯಲ್ಲಿ ಹಿಡಿದು, ಯಾವತ್ತಿನಂತೆ ಒಡಕು ಬಂಡೆಯ ಕಡೆಗೆ ಕೈ ಎತ್ತಿದೆ. ಸುಗುಣ ಹತ್ತಿರ ಬಂದು ನನ್ನ ಮೊಣಕೈ ಹಿಡಿದಳು. ಮೆಲ್ಲಗೆ ಅದನ್ನು ನೇರಕ್ಕೆ ತಿರುಗಿಸಿದಳು.